ಆಕ್ಟೇವಿಯಾ ಆರ್‌ಎಸ್ 230: ಪುಣೆ–ಧಾರವಾಡ ರಸ್ತೆಯಲ್ಲಿ ನಾಲ್ಕು ವರ್ಷ

"ಗಾಡಿ ಕಿತೀ ದೇತೇ?"

ಗಾಡಿ ತಂದ ದಿನ ಪಾರ್ಕಿಂಗಿನಲ್ಲಿ ಕೆಳಗಿನ ಮನೆಯ ಕಾಕಾ ಕೇಳಿದ ಮೊದಲ ಪ್ರಶ್ನೆ ಇದು. ಎಷ್ಟು ಕೊಡುತ್ತೆ ಅಂತ. ಪುಣೆಯೊಳಗೆ ಲೀಟರಿಗೆ ಎಂಟು ಕಿ.ಮೀ. ಅಂದೆ. ಅವರು ನನ್ನ ಮುಖ ನೋಡಿದರು, ಗಾಡಿ ನೋಡಿದರು, ಏನೂ ಮಾತಾಡದೆ ಲಿಫ್ಟ್ ಹತ್ತಿದರು. ಅವರದು ಸಿಎನ್‌ಜಿ ಗಾಡಿ. ಅವತ್ತಿನಿಂದ ಇವತ್ತಿನವರೆಗೂ ನನ್ನನ್ನು ಕಂಡರೆ ಅವರಿಗೆ ಸ್ವಲ್ಪ ಕನಿಕರ.

ಗಾಡಿ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 230. 2017ರಲ್ಲಿ ನಮ್ಮ ದೇಶಕ್ಕೆ ಬಂತು, ಒಟ್ಟು 500 ಮಾತ್ರ. ಆಗ ಎಕ್ಸ್‌ಶೋರೂಂ ಬೆಲೆ 24.62 ಲಕ್ಷ. ಎರಡು ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್, 230 ಪಿಎಸ್ ಶಕ್ತಿ (ಪಿಎಸ್ ಅಂದರೆ ಹೆಚ್ಚುಕಡಿಮೆ ಅಶ್ವಶಕ್ತಿ), 350 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ. ನಿಂತಲ್ಲಿಂದ ನೂರಕ್ಕೆ 6.8 ಸೆಕೆಂಡು ಅಂತ ಕಂಪನಿ ಲೆಕ್ಕ. ನೋಡಲು ಮಾತ್ರ ಸಾಮಾನ್ಯ ಆಕ್ಟೇವಿಯಾ. ನೂರರಲ್ಲಿ ತೊಂಬತ್ತು ಜನಕ್ಕೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ನನಗೆ ಅದೇ ಇಷ್ಟ. ಇನ್ನೊಂದು ಮಾತು, ಇದು ಕಟ್ಟುನಿಟ್ಟಾಗಿ ಸೆಡಾನ್ ಅಲ್ಲ. ಹಿಂದಿನ ಬಾಗಿಲು ಗಾಜಿನ ಸಮೇತ ಮೇಲೇಳುತ್ತೆ. 590 ಲೀಟರ್ ಡಿಕ್ಕಿ. ಊರಿಂದ ಬರುವಾಗ ಜೋಳದ ಚೀಲ, ಅಕ್ಕಿ ಚೀಲ, ಎರಡು ಪೆಟ್ಟಿಗೆ ಮಾವಿನಹಣ್ಣು, ಅವ್ವ ಕಟ್ಟಿಕೊಟ್ಟ ರೊಟ್ಟಿ ಡಬ್ಬಿ ಎಲ್ಲಾ ಒಳಗೆ ಹೋದ ಮೇಲೂ ಜಾಗ ಉಳಿದಿರುತ್ತೆ.

ನಾನು ಕೊಂಡಿದ್ದು 2021ರ ಕೊನೆಯಲ್ಲಿ, ಸೆಕೆಂಡ್ ಹ್ಯಾಂಡ್. ಆಗ 46,000 ಕಿ.ಮೀ. ಓಡಿತ್ತು. ಈಗ 98,000. ಅಂದರೆ ನಾಲ್ಕು ವರ್ಷದಲ್ಲಿ 52,000, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಪುಣೆ–ಧಾರವಾಡ ರಸ್ತೆಯಲ್ಲೇ. ಅಪ್ಪ, ಅವ್ವ ಅಲ್ಲೇ ಇದ್ದಾರೆ. ತಿಂಗಳಿಗೊಮ್ಮೆ ಹೋಗಲೇಬೇಕು.

ಕೊಳ್ಳುವ ಕಥೆ ಸ್ವಲ್ಪ ಹೇಳಬೇಕು, ಯಾಕೆಂದರೆ ಇಂಥ ಗಾಡಿಯಲ್ಲಿ ಅರ್ಧ ಸುಖ, ಅರ್ಧ ಸಂಕಟ ಅಲ್ಲೇ ತೀರ್ಮಾನವಾಗುತ್ತೆ. ಮೊದಲು ನೋಡಿದ್ದು ಒಂದು ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ. ಬಣ್ಣ ಫಳಫಳ. "ಟೈರ್ ನಾಲ್ಕೂ ಹೊಸದು ಸರ್" ಅಂದರು. ನಾನು ಕುಕ್ಕರುಗಾಲಲ್ಲಿ ಕೂತು ಮೊಬೈಲ್ ಬೆಳಕು ಹಿಡಿದು ಟೈರಿನ ಪಕ್ಕೆ ಓದಿದೆ. ಅಲ್ಲಿ ಒಂದು ಸಣ್ಣ ಚೌಕಟ್ಟಿನಲ್ಲಿ ನಾಲ್ಕು ಅಂಕಿ ಇರುತ್ತವೆ. ಮೊದಲೆರಡು ವಾರ, ಕೊನೆಯೆರಡು ವರ್ಷ. ಮುಂದಿನವು 2020ರವು. ಹಿಂದಿನ ಎರಡರ ಮೇಲೆ 17 ಅಂತಿತ್ತು. ಕಪ್ಪು ಪಾಲಿಶ್ ಬಳಿದಿದ್ದರು ಅಷ್ಟೇ. ಟೈರಿಗೇ ಸುಳ್ಳು ಹೇಳುವವರು ಉಳಿದದ್ದಕ್ಕೆ ನಿಜ ಹೇಳ್ತಾರಾ? ಚಹಾ ಕುಡಿದು ಎದ್ದು ಬಂದೆ.

ಎರಡನೆಯದು ನವಿ ಮುಂಬೈನ ಒಬ್ಬರ ಸ್ವಂತ ಗಾಡಿ. ಪ್ರತಿ ಸರ್ವಿಸಿನ ಬಿಲ್ಲನ್ನೂ ಫೈಲಿನಲ್ಲಿ ಪೋಣಿಸಿ ಇಟ್ಟಿದ್ದರು. ಆದರೂ ಗುರುತಿನ ಮೆಕ್ಯಾನಿಕ್ ಒಬ್ಬನನ್ನು ಲ್ಯಾಪ್‌ಟಾಪ್ ಸಮೇತ ಕರೆದುಕೊಂಡು ಹೋಗಿದ್ದೆ. ಇಂಥ ಎಂಜಿನ್ನುಗಳ ಕಂಪ್ಯೂಟರನ್ನು ತಿದ್ದಿ, ಅಂದರೆ ರೀಮ್ಯಾಪ್ ಮಾಡಿ, 280–300 ಪಿಎಸ್ ಎಳೆಯುವುದು ಕಷ್ಟವಲ್ಲ. ಹಾಗೆ ಓಡಿಸಿ, ಮಾರುವ ಮುಂಚೆ ಮೊದಲಿನ ಹಾಗೆ ಮಾಡಿಬಿಡುತ್ತಾರೆ. ಕ್ಲಚ್ಚು, ಟರ್ಬೊ ತಿಂದ ಪೆಟ್ಟು ಮಾತ್ರ ಕೊಂಡವನ ಪಾಲಿಗೆ. ಮೆಕ್ಯಾನಿಕ್ ಸ್ಕ್ಯಾನ್ ಮಾಡಿ, ರಾತ್ರಿಯಿಡೀ ನಿಂತಿದ್ದ ಗಾಡಿಯನ್ನು ಬೆಳಿಗ್ಗೆ ತಣ್ಣಗಿದ್ದಾಗಲೇ ಸ್ಟಾರ್ಟ್ ಮಾಡಿ ಕಿವಿಗೊಟ್ಟು ಕೇಳಿ, "ತಗೊಳ್ಳಿ" ಅಂದ. ಹತ್ತೊಂಬತ್ತೂವರೆ ಲಕ್ಷ. ಮಹಾರಾಷ್ಟ್ರದ್ದೇ ನಂಬರ್ ಆದ್ದರಿಂದ ತೆರಿಗೆ ಮತ್ತೆ ಕಟ್ಟುವ ಪಜೀತಿ ಇರಲಿಲ್ಲ. ಹೊಸ ಗಾಡಿ ಕೊಳ್ಳುವವರಿಗೆ ಒಂದು ಮಾತು: ಇಪ್ಪತ್ತು ಲಕ್ಷಕ್ಕಿಂತ ಮೇಲಿನ ಪೆಟ್ರೋಲ್ ಕಾರಿಗೆ ಮಹಾರಾಷ್ಟ್ರದಲ್ಲಿ ರಸ್ತೆ ತೆರಿಗೆ 13 ಪರ್ಸೆಂಟ್, ಕರ್ನಾಟಕದಲ್ಲಿ 18, ಅದರ ಮೇಲೆ ಸೆಸ್ ಬೇರೆ. ಹಾಗಂತ ಊರಲ್ಲೇ ಇಡುವ ಗಾಡಿಯನ್ನು ಇಲ್ಲಿ ಕೊಂಡು ಒಯ್ಯುವ ಆಸೆ ಪಟ್ಟುಕೊಳ್ಳಬೇಡಿ. ಅಲ್ಲಿಯ ತೆರಿಗೆ ಅಲ್ಲಿ ಕಟ್ಟಲೇಬೇಕಾಗುತ್ತೆ.

ಪುಣೆಯೊಳಗಿನ ಅನುಭವ ಬೇಗ ಹೇಳಿ ಮುಗಿಸುತ್ತೇನೆ. ಹೇಳುವಂಥದ್ದು ಏನೂ ಇಲ್ಲ. ಬೆಳಿಗ್ಗೆ ವಾಕಡ್‌ನಿಂದ ಹಿಂಜವಾಡಿಗೆ ಹೋಗುವ ಸಾಲಿನಲ್ಲಿ 230 ಪಿಎಸ್ ಇದ್ದರೂ ಅಷ್ಟೇ, 67 ಇದ್ದರೂ ಅಷ್ಟೇ. ಪಕ್ಕದ ಸ್ಕೂಟರಿನವನು ನಿಮಗಿಂತ ಮುಂಚೆ ಆಫೀಸು ಮುಟ್ಟಿ ಚಹಾ ಕುಡಿದಿರುತ್ತಾನೆ. ಸಸ್ಪೆನ್ಷನ್ ಬಿಗಿ. ಗುಂಡಿಯ ಆಳ ನಿಮ್ಮ ಸೊಂಟಕ್ಕೆ ಚೆನ್ನಾಗಿ ಗೊತ್ತಾಗುತ್ತೆ. ಗಾಡಿ ತಗ್ಗು ಬೇರೆ. ನಮ್ಮ ಸೊಸೈಟಿಯ ಗೇಟಿನ ಹಂಪನ್ನು ನಾನು ನಾಲ್ಕು ವರ್ಷದಿಂದ ಓರೆಯಾಗಿಯೇ ದಾಟುತ್ತಿದ್ದೇನೆ. ಮೊದಲು ಎಡ ಚಕ್ರ, ಆಮೇಲೆ ಬಲ ಚಕ್ರ, ದೇವಸ್ಥಾನದ ಹೊಸಿಲು ದಾಟಿದ ಹಾಗೆ. ವಾಚ್‌ಮನ್‌ಗೆ ಅಭ್ಯಾಸವಾಗಿದೆ, ಎರಡೂ ಗೇಟು ತೆಗೆಯುತ್ತಾನೆ.

ಈ ಗಾಡಿ ಯಾಕೆ ಬೇಕು ಅನ್ನುವುದಕ್ಕೆ ಉತ್ತರ ಇರುವುದು ಕಾತ್ರಜ್ ಸುರಂಗ ದಾಟಿದ ಮೇಲೆ.

ಸಾತಾರಾ ಕಡೆ ಹೋಗುವಾಗ ಖಂಬಾಟಕಿ ಘಾಟು ಹತ್ತಬೇಕು. ಆ ದಾರಿ ಓಡಾಡಿದವರಿಗೆ ಗೊತ್ತು. ತುಂಬಿದ ಲಾರಿಗಳು ಇಪ್ಪತ್ತರ ವೇಗದಲ್ಲಿ ಏದುಸಿರು ಬಿಡುತ್ತಾ ಹತ್ತುತ್ತಿರುತ್ತವೆ. ಇದ್ದಕ್ಕಿದ್ದಂತೆ ಒಂದಕ್ಕೆ ಇನ್ನೊಂದನ್ನು ಹಿಂದೆ ಹಾಕುವ ಹುಮ್ಮಸ್ಸು ಬರುತ್ತೆ. ಅದು ಇಪ್ಪತ್ತು, ಇದು ಇಪ್ಪತ್ತೆರಡು. ಎರಡು ತಿರುವಿನಷ್ಟು ಹೊತ್ತು ಈ ಸ್ಪರ್ಧೆ. ನಮ್ಮ ಹಳೆಯ ಗಾಡಿಯಲ್ಲಿ ಅವುಗಳ ಹಿಂದೆ ಹೊಗೆ ಕುಡಿಯುತ್ತಾ ಸೆಕೆಂಡ್ ಗೇರಿನಲ್ಲಿ ತೆವಳುತ್ತಿದ್ದೆ. ಜಾಗ ಸಿಕ್ಕಾಗ ಎಂಜಿನ್ ಎದ್ದು ನಿಲ್ಲುವಷ್ಟರಲ್ಲಿ ಆ ಜಾಗಕ್ಕೆ ಇನ್ನೊಬ್ಬ ನುಗ್ಗಿರುತ್ತಿದ್ದ. ಆರ್‌ಎಸ್‌ನಲ್ಲಿ ಹಾಗಿಲ್ಲ. ಎಂಜಿನ್ ನಿಮಿಷಕ್ಕೆ 1,500 ಸುತ್ತು ತಿರುಗುವಾಗಿನಿಂದಲೇ ಪೂರ್ತಿ ಟಾರ್ಕ್ ಸಿಗುತ್ತೆ. ಹೆಬ್ಬೆರಳು ಒತ್ತಿದಷ್ಟು ಒತ್ತಿದರೆ ಸಾಕು, ಗಾಡಿ ಎದೆ ಮುಂದೆ ಮಾಡುತ್ತೆ. ಗೇರ್‌ಬಾಕ್ಸು ಆರು ಗೇರಿನ ಡಿಎಸ್‌ಜಿ, ಅಂದರೆ ತಾನೇ ಗೇರು ಬದಲಿಸುವಂಥದ್ದು. ಎರಡು ಕ್ಲಚ್ಚು, ಎರಡೂ ಎಣ್ಣೆಯಲ್ಲಿ ಮುಳುಗಿರುತ್ತವೆ. ಒಂದು ಕ್ಲಚ್ಚಿನದು ಒಂದು-ಮೂರು-ಐದು, ಇನ್ನೊಂದರದು ಎರಡು-ನಾಲ್ಕು-ಆರು. ನೀವು ಮೂರರಲ್ಲಿದ್ದಾಗ ಅದು ಎರಡನ್ನೋ ನಾಲ್ಕನ್ನೋ ಸಿದ್ಧ ಮಾಡಿಟ್ಟಿರುತ್ತೆ. ಹಾಗಾಗಿ ಗೇರು ಬಿದ್ದದ್ದು ಕಿವಿಗೆ ಕೇಳುತ್ತೆ, ಮೈಗೆ ತಿಳಿಯುವುದಿಲ್ಲ.

ಜನ ಕೇಳುವುದು ಟಾಪ್ ಸ್ಪೀಡು. 250ಕ್ಕೆ ಕಟ್ಟಿಹಾಕಿದ್ದಾರೆ ಅಂತಾರೆ, ನಾನು ಅದರ ಹತ್ತಿರವೂ ಹೋಗಿಲ್ಲ, ಹೋಗುವುದೂ ಇಲ್ಲ. ನಾಲ್ಕು ವರ್ಷದಲ್ಲಿ ನಾನು ಬಳಸಿದ್ದು 40ರಿಂದ 100ರ ನಡುವಿನ ಶಕ್ತಿ. ಲಾರಿಯ ಪಕ್ಕ ಎಷ್ಟು ಕಡಿಮೆ ಹೊತ್ತು ಇರುತ್ತೀರೋ ಅಷ್ಟು ಒಳ್ಳೆಯದು ಅಲ್ವಾ? ಆ ಕೆಲಸಕ್ಕೆ ಈ ಗಾಡಿಯಂಥದ್ದು ಇಲ್ಲ. ಬ್ರೇಕೂ ಅಷ್ಟೇ. ಒಮ್ಮೆ ತವಂದಿ ಘಾಟು ಇಳಿಯುವಾಗ ತಿರುವಿನಲ್ಲೇ ಕಬ್ಬಿನ ಟ್ರ್ಯಾಕ್ಟರು ಅಡ್ಡ ನಿಂತಿತ್ತು, ಹಿಂದೆ ಲೈಟೂ ಇಲ್ಲ, ರಿಫ್ಲೆಕ್ಟರೂ ಇಲ್ಲ. ಗಾಡಿ ಸೊಟ್ಟಗಾಗದೆ, ಮೂಗು ಬಗ್ಗಿಸಿ, ನಿಂತುಬಿಟ್ಟಿತು. ಡಿಕ್ಕಿಯಲ್ಲಿದ್ದ ಬೆಳಗಾವಿ ಕುಂದಾದ ಡಬ್ಬಿ ಸೀಟಿನ ಬೆನ್ನಿಗೆ ಬಡಿದ ಸದ್ದು ಇನ್ನೂ ಕಿವಿಯಲ್ಲಿದೆ. ಪುಣೆಗೆ ಬಂದು ನೋಡಿದರೆ ಕುಂದಾ ಅಂಟುಂಡೆಯಾಗಿತ್ತು. ತಿಂದೆವು.

ಹಾಗಂತ ಚಲನ್ ಬಿದ್ದಿಲ್ಲ ಅಂತಲ್ಲ. ಮುಂಬೈ ಎಕ್ಸ್‌ಪ್ರೆಸ್‌ವೇಯಲ್ಲಿ ಬಿದ್ದಿದೆ, ಎರಡು ಸಾವಿರ. ಈ ಗಾಡಿಯ ಕೆಟ್ಟ ಗುಣ ಇದೇ. ನೂರರಲ್ಲಿ ಅರವತ್ತರ ಹಾಗೆ ಅನಿಸುತ್ತೆ. ಒಳಗೆ ಶಾಂತ. ಕ್ರೂಸ್ ಕಂಟ್ರೋಲ್ ಹಾಕಿಕೊಂಡು ಕೂರದಿದ್ದರೆ ಕಾಲು ತಾನೇ ಇಳಿಯುತ್ತೆ.

ಇನ್ನು ಸದ್ದು. ಸ್ಪೋರ್ಟ್ ಮೋಡ್ ಹಾಕಿದರೆ ಎಂಜಿನ್ ಗುಡುಗುತ್ತೆ. ಮೊದಲ ತಿಂಗಳು ಭಾರಿ ಖುಷಿ. ಆಮೇಲೆ ತಿಳಿಯಿತು, ಅದರಲ್ಲಿ ಒಂದಿಷ್ಟು ನಾಟಕ. ಮುಂದಿನ ಗಾಜಿನ ಬುಡದಲ್ಲಿ ಸ್ಪೀಕರಿನಂಥದ್ದೊಂದು ಇದ್ದು, ಅದು ನಡುಗಿ ಸದ್ದು ಎಬ್ಬಿಸುತ್ತೆ. ಹೊರಗಿನವರಿಗೆ ಅಷ್ಟು ಕೇಳುವುದೇ ಇಲ್ಲ. ನಾನು ಸೆಟ್ಟಿಂಗಿನಲ್ಲಿ ಅದನ್ನು ಕಡಿಮೆ ಮಾಡಿದ್ದೇನೆ. ಮಗಳು ಬಂದಾಗ ಜಾಸ್ತಿ ಮಾಡ್ತಾಳೆ.

ಶಕ್ತಿ ಎಲ್ಲಾ ಮುಂದಿನ ಎರಡು ಚಕ್ರಕ್ಕೇ ಹೋಗುವುದರಿಂದ ಮಳೆಗಾಲದಲ್ಲಿ ಹುಷಾರಾಗಿರಬೇಕು. ಸಿಗ್ನಲ್ಲಿನಲ್ಲಿ ಜೋರಾಗಿ ಒತ್ತಿದರೆ ಚಕ್ರ ನಿಂತಲ್ಲೇ ತಿರುಗುತ್ತೆ, ಸ್ಟೀರಿಂಗು ಕೈಯಲ್ಲಿ ಹೋರಿ ಹಗ್ಗ ಜಗ್ಗಿದ ಹಾಗೆ ಜಗ್ಗುತ್ತೆ. ಒಣ ರಸ್ತೆಯಲ್ಲಿ ಇದು ಮಜಾ. ಜುಲೈ ತಿಂಗಳ ತಾಮ್ಹಿಣಿ ಘಾಟಿನಲ್ಲಿ ಮಜಾ ಅಲ್ಲ.

ಖರ್ಚಿನ ವಿಷಯಕ್ಕೆ ಬಂದರೆ ಮೊದಲು ಟೈರು. ಅಳತೆ 225/45, ಹದಿನೇಳು ಇಂಚು. 45 ಅಂದರೆ ಪಕ್ಕೆಯ ಎತ್ತರ ಟೈರಿನ ಅಗಲದ ನೂರಕ್ಕೆ ನಲವತ್ತೈದು. ಪಕ್ಕೆ ತೆಳು. ಎರಡು ವರ್ಷದ ಹಿಂದೆ ಕರಾಡ್ ದಾಟಿದ ಮೇಲೆ, ಆರು ಲೇನಿನ ಕೆಲಸ ನಡೆಯುತ್ತಿದ್ದ ಡೈವರ್ಶನ್ನಿನಲ್ಲಿ, ಡಾಂಬರು ಮುಗಿದು ಕಾಂಕ್ರೀಟು ಶುರುವಾಗುವ ಅಂಚಿಗೆ ಎಡಗಡೆಯ ಚಕ್ರ ಬಡಿಯಿತು. ಇಳಿದು ನೋಡಿದೆ. ಗಾಳಿ ಹೋಗಿರಲಿಲ್ಲ. ಪಕ್ಕೆಯಲ್ಲಿ ಗೋಲಿಯಷ್ಟು ಗಾತ್ರದ ಉಬ್ಬು. ಒಳಗಿನ ನೂಲು ಹರಿದಿದೆ ಅಂತ ಅದರ ಅರ್ಥ, ಯಾವಾಗ ಬೇಕಾದರೂ ಒಡೆಯಬಹುದು. ನಲವತ್ತರಲ್ಲಿ ಕೊಲ್ಹಾಪುರದವರೆಗೆ ಹೋದೆ. ಎತ್ತಿನಗಾಡಿಯವರೂ ನನ್ನನ್ನು ತಿರುಗಿ ನೋಡಿದರು. ಅಲ್ಲಿ ಟೈರಿನ ಅಂಗಡಿಯವನ ಹತ್ತಿರ ಆ ಅಳತೆ ಇರಲಿಲ್ಲ. 225/50 ತೋರಿಸಿ "ಚಾಲತಂಯ್ ಸಾಹೇಬ್", ನಡೆಯುತ್ತೆ, ಅಂದ. ನಡೆಯುವುದಿಲ್ಲ. ಒಂದು ಆ್ಯಕ್ಸಲಿನ ಎರಡು ಟೈರು ಬೇರೆ ಬೇರೆ ಎತ್ತರ ಇದ್ದರೆ ಗಾಡಿ ಒಂದೇ ಕಡೆ ಎಳೆಯುತ್ತೆ, ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ನೋಡಿಕೊಳ್ಳುವ ಎಬಿಎಸ್‌ನ ಲೆಕ್ಕವೂ ತಪ್ಪುತ್ತೆ. ಸಂಜೆಯವರೆಗೆ ಕಾದು, ಬೇರೆ ಅಂಗಡಿಯಿಂದ ತರಿಸಿದೆ. ಕಾಯುವಾಗ ಪಕ್ಕದ ಖಾನಾವಳಿಯಲ್ಲಿ ತಾಂಬಡಾ ರಸ್ಸಾ ಕುಡಿದಿದ್ದೊಂದೇ ಆ ದಿನದ ಲಾಭ.

ಇನ್ಶೂರೆನ್ಸಿನವರಿಗೆ ಫೋನ್ ಮಾಡಿದರೆ ಟೈರಿಗೆ ಮಾತ್ರ ಪೆಟ್ಟಾದರೆ ಬರುವುದಿಲ್ಲ ಅಂದರು. ಸಿಟ್ಟು ಬಂತು, ಆದರೆ ಪಾಲಿಸಿ ಓದಿದಾಗ ಹಾಗೇ ಬರೆದಿತ್ತು. ಗಾಡಿಗೂ ಪೆಟ್ಟಾಗಿದ್ದರೆ ಮಾತ್ರ ಟೈರಿನ ಅರ್ಧ ದುಡ್ಡು. ಟೈರಿಗೆ ಬೇರೆಯದೇ ಆ್ಯಡ್‌ ಆನ್ ಇರುತ್ತೆ. ಇಂಥ ಗಾಡಿಗೆ ಅದನ್ನು ಮರೆಯದೆ ಹಾಕಿಸಿ. ನನ್ನ ಲೆಕ್ಕದಲ್ಲಿ ಮುಂದಿನ ಜೋಡಿ 25,000 ಕಿ.ಮೀ.ಗೆ ಸವೆಯುತ್ತೆ. ನಾಲ್ಕೂ ಒಟ್ಟಿಗೆ ಬದಲಾಯಿಸಿದಾಗ ಐವತ್ತೆರಡು ಸಾವಿರ ಆಯಿತು.

ಡಿಎಸ್‌ಜಿಯ ಎಣ್ಣೆ, ಫಿಲ್ಟರು 60,000 ಕಿ.ಮೀ.ಗೆ ಬದಲಾಯಿಸಲೇಬೇಕು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಈ ಬಿಲ್ಲನ್ನು ಕೇಳಿ ನೋಡಿ. ಇಲ್ಲ ಅಂದರೆ ಬೆಲೆಯಲ್ಲಿ ಕಳೆಯಿರಿ.

ಹೈವೇಯಲ್ಲಿ ಲೀಟರಿಗೆ ಹದಿಮೂರು ಕೊಡುತ್ತಿತ್ತು. ಟ್ಯಾಂಕು 50 ಲೀಟರ್, ಧಾರವಾಡ ಸುಮಾರು 420 ಕಿ.ಮೀ. ತುಂಬಿಸಿ ಹೊರಟರೆ ನಿಲ್ಲಬೇಕಾಗಿಲ್ಲ. ಆದರೂ ಬರುವಾಗ ನಿಪ್ಪಾಣಿ ಹತ್ತಿರ ತುಂಬಿಸಿಕೊಳ್ಳುತ್ತೇನೆ, ಮಹಾರಾಷ್ಟ್ರಕ್ಕಿಂತ ಕರ್ನಾಟಕದಲ್ಲಿ ಸ್ವಲ್ಪ ಅಗ್ಗ. ಮೊದಲೆಲ್ಲಾ 95 ಆಕ್ಟೇನಿನದನ್ನೇ ಹುಡುಕಿ ಹಾಕುತ್ತಿದ್ದೆ. ಆಕ್ಟೇನ್ ಅಂದರೆ ಪೆಟ್ರೋಲ್ ಸಮಯಕ್ಕೆ ಮುಂಚೆ ತಾನೇ ಉರಿಯದೆ ತಡೆಯುವ ಗುಣದ ಅಳತೆ. ಕಡಿಮೆ ಆಕ್ಟೇನ್ ಹಾಕಿದರೆ ಎಂಜಿನ್ ತನ್ನನ್ನು ಕಾಪಾಡಿಕೊಳ್ಳಲು ಇಗ್ನಿಷನ್ ತಡ ಮಾಡುತ್ತೆ, ಎಳೆತ ಸ್ವಲ್ಪ ಮಂಕು. ಈಗ ಬಂಕಿನಲ್ಲಿ ಎಲ್ಲೆಲ್ಲೂ ಇ20, ಅಂದರೆ ನೂರಕ್ಕೆ ಇಪ್ಪತ್ತು ಭಾಗ ಎಥನಾಲ್ ಬೆರೆಸಿದ ಪೆಟ್ರೋಲ್. ಎಥನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ ಶಕ್ತಿ. ನನ್ನ ಹದಿಮೂರು ಈಗ ಹನ್ನೆರಡು ಚಿಲ್ಲರೆ ಆಗಿದೆ. 2017ರ ಗಾಡಿ, ರಬ್ಬರ್ ಪೈಪುಗಳ ಮೇಲೆ ಒಂದು ಕಣ್ಣಿಟ್ಟಿದ್ದೇನೆ. ನೂರು ಆಕ್ಟೇನಿನ ಎಕ್ಸ್‌ಪಿ100 ಪೆಟ್ರೋಲ್ ಹಾಕು ಅಂತ ಗೆಳೆಯರು ಹೇಳ್ತಾರೆ. 2020ರಲ್ಲಿ ಬಂದಾಗಲೇ ಅದು ಲೀಟರಿಗೆ 160 ರೂಪಾಯಿ. ಅವರೇ ಹಾಕಿಸಿಕೊಡಲಿ.

ಈಗ ಕೊಳ್ಳುವುದಾದರೆ ಏನು ಅಂತ ಕೇಳುವವರಿಗೆ: 2025ರ ಅಕ್ಟೋಬರಿನಲ್ಲಿ ಹೊಸ ಆರ್‌ಎಸ್ ಬಂತು, 265 ಪಿಎಸ್, 49.99 ಲಕ್ಷ, ದೇಶಕ್ಕೆಲ್ಲಾ ನೂರೇ ನೂರು. ಅಷ್ಟು ಕೊಡುವವರು ಇನ್ನಷ್ಟು ಸೇರಿಸಿ ಬಿಎಂಡಬ್ಲ್ಯೂ ಎಂ340ಐ ಕಡೆ ನೋಡುತ್ತಾರೆ. ಆರು ಸಿಲಿಂಡರು, ನಾಲ್ಕೂ ಚಕ್ರಕ್ಕೆ ಡ್ರೈವ್, ಅದು ಬೇರೆಯೇ ಲೋಕ. ನನ್ನಂತೆ ಊರಿಗೆ ಹೋಗಿಬರುವುದೇ ಮುಖ್ಯ ಆದರೆ, ಹೊಸದೇ ಬೇಕು ಆದರೆ, ಇಲ್ಲೇ ಚಾಕಣದಲ್ಲಿ ತಯಾರಾಗುವ ವರ್ಟಸ್ ಜಿಟಿ ಸಾಕು. 1.5 ಲೀಟರ್, 150 ಪಿಎಸ್. ಗೆಳೆಯನದನ್ನು ಬೆಳಗಾವಿವರೆಗೆ ಓಡಿಸಿದ್ದೇನೆ. ಖಂಬಾಟಕಿಯಲ್ಲಿ ಮುಕ್ಕಾಲು ಪಾಲು ಮಜಾ ಅದರಲ್ಲೂ ಇದೆ, ಗಾಡಿಯೂ ಎತ್ತರ. ಪುಣೆ ಬಿಟ್ಟು ಹೊರಗೆ ಹೋಗದವರು ಇದ್ಯಾವುದನ್ನೂ ತಗೋಬೇಡಿ. ಸುಮ್ನೆ ದುಡ್ಡು ದಂಡ.

ಅಪ್ಪನಿಗೆ ಎಪ್ಪತ್ತೆರಡು. ಮೊದಲ ಸಲ ಧಾರವಾಡದ ಮನೆ ಮುಂದೆ ನಿಲ್ಲಿಸಿದಾಗ ಹೆಮ್ಮೆಯಿಂದ ಬಾಗಿಲು ತೆಗೆದೆ. ಅವರು ಒಳಗೆ ಇಳಿದರು, ಸೀಟಿನ ಎರಡೂ ಬದಿಯ ದಪ್ಪ ದಿಂಡಿನ ನಡುವೆ ಸಿಕ್ಕಿಕೊಂಡು ಕೂತರು. "ಏನೋ ತಮ್ಮಾ, ಇಷ್ಟ್ ರೊಕ್ಕಾ ಕೊಟ್ಟು ಇದನ್ನ ತಗೊಂಡಿ? ಕುಂತ್ರ ಏಳಾಕ ಬರೂದಿಲ್ಲಲ್ಲೋ" ಅಂದರು. ನಿಜವೇ. ಏಳಿಸಲು ನಾನು ಈ ಕಡೆಯಿಂದ ಕೈ ಕೊಟ್ಟೆ, ಅವ್ವ ಆ ಕಡೆಯಿಂದ ಬೈದಳು.

ಮುಂದಿನ ತಿಂಗಳು ಹೋದಾಗ ಅವ್ವ ಹಳೆಯ ಸೀರೆಗಳ ಸಣ್ಣ ಕೌದಿಯೊಂದನ್ನು ನಾಲ್ಕು ಮಡಿಕೆ ಮಾಡಿ ಹೊಲಿದಿಟ್ಟಿದ್ದಳು. ಅದನ್ನು ಸೀಟಿನ ಮೇಲೆ ಹಾಕಿದರೆ ಅಪ್ಪ ನಾಲ್ಕಿಂಚು ಮೇಲೆ ಬರುತ್ತಾರೆ, ದಿಂಡೂ ಒತ್ತುವುದಿಲ್ಲ, ಏಳುವುದೂ ಸಲೀಸು. ಕೆಂಪು ಹೊಲಿಗೆಯ ಸ್ಪೋರ್ಟ್ಸ್ ಸೀಟು ಕೌದಿಯ ಕೆಳಗೆ ಮುಚ್ಚಿಹೋಗಿದೆ. ಪುಣೆಯಲ್ಲೂ ನಾನು ಅದನ್ನು ತೆಗೆಯುವುದಿಲ್ಲ. ಕೆಳಗಿನ ಮನೆಯ ಕಾಕಾ ಮೊನ್ನೆ ಕಿಟಕಿಯಲ್ಲಿ ಬಗ್ಗಿ ನೋಡಿ, ಇಂಥದ್ದು ಎಲ್ಲಿ ಸಿಗುತ್ತೆ ಅಂತ ಕೇಳಿದರು. ಕೌದಿಯ ಬಗ್ಗೆ.