ಮಲೆನಾಡಿನ ಸಿಮೆಂಟ್ ನೆಲಕ್ಕೆ ಲಿಥಿಯಂ ಸಿಲಿಕೇಟ್ ಸೀಲರ್: ಜಗಲಿಗೆ ಸೈ, ಅಡುಗೆಮನೆಗೆ ಬೇಡ

ನಮ್ಮದು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ಮನೆ. ಜಗಲಿ, ಕೋಣೆಗಳು, ಅಡುಗೆಮನೆ ಎಲ್ಲ ಕಡೆಯೂ ಬೂದು ಸಿಮೆಂಟ್ ನೆಲವೇ. ಅಮ್ಮನಿಗೆ ಟೈಲ್ಸ್ ಇಷ್ಟವಿಲ್ಲ, ನನಗೂ ಇಲ್ಲ. ತೊಂದರೆ ಒಂದೇ, ನೆಲ ಧೂಳು ಬಿಡುತ್ತಿತ್ತು. ಬೆಳಿಗ್ಗೆ ಗುಡಿಸಿ ಒರೆಸಿದರೂ ಮಧ್ಯಾಹ್ನದ ಹೊತ್ತಿಗೆ ಅಂಗಾಲು ಬೂದು ಬೂದು. ಅದಕ್ಕೇ ಸೀಲರ್, ಅಂದರೆ ನೆಲವನ್ನು ಕಾಪಾಡುವ ದ್ರವ, ಹಚ್ಚಿಸಿದ್ದು. ಮಳೆಗಾಲಗಳನ್ನು ದಾಟಿದ ಮೇಲೆ ಈಗ ಅದರ ಗುಣ ಏನು, ದೋಷ ಏನು ಅಂತ ಧೈರ್ಯವಾಗಿ ಹೇಳಬಹುದು.

ಅಂಗಡಿಯಲ್ಲಿ ಮೊದಲು ತೋರಿಸಿದ್ದು ಎಪಾಕ್ಸಿ, ಆಮೇಲೆ ಪಿಯು, ಅಂದರೆ ಪಾಲಿಯುರೆಥೇನ್. ಹೊಳಪು ಕಣ್ಣಿಗೆ ಹೊಡೆಯುವಷ್ಟಿತ್ತು. ಆದರೆ ಇವೆರಡೂ ನೆಲದ ಮೇಲೆ ಪೊರೆ ಕಟ್ಟಿ ಕೂರುವಂಥವು. ನಮ್ಮಲ್ಲಿ ಜೂನ್ ಬಂತೆಂದರೆ ಗೋಡೆ, ನೆಲ, ಹಾಸಿಗೆ ಎಲ್ಲಕ್ಕೂ ಶೀತ. ಹಳೆಯ ಮನೆಗಳ ನೆಲದಡಿ ತೇವ ತಡೆಯುವ ಹಾಳೆ ಹಾಕಿರುವುದಿಲ್ಲ. ಕೆಳಗಿನಿಂದ ಏರುವ ತೇವಕ್ಕೆ ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಪೊರೆ ಗುಳ್ಳೆ ಏಳುತ್ತದೆ, ಆಮೇಲೆ ಎದ್ದು ಬರುತ್ತದೆ. ಬಿಸಿಲು ಬೀಳುವ ಜಾಗದಲ್ಲಿ ಎಪಾಕ್ಸಿ ಹಳದಿಯಾಗುವುದು ಬೇರೆ.

ಯಾವ ಸೀಲರ್ ಕೊಳ್ಳುವ ಮೊದಲೂ ತೇವ ನೋಡಿಕೊಳ್ಳಿ. ಇದಕ್ಕೆ ದುಡ್ಡು ಬೇಕಿಲ್ಲ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಹಾಸಿ, ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ, ಕನಿಷ್ಠ 16 ಗಂಟೆ ಬಿಡಿ. ಎತ್ತಿದಾಗ ಒಳಗೆ ಹನಿ ಕಟ್ಟಿದ್ದರೆ ಅಥವಾ ನೆಲದ ಬಣ್ಣ ಗಾಢವಾಗಿದ್ದರೆ ತೇವ ಇದೆ ಅಂತ ಅರ್ಥ. ನಮ್ಮ ಅಡುಗೆಮನೆಯಲ್ಲಿ ಮಳೆ ನಿಂತು ಎಷ್ಟೋ ದಿನವಾದ ಮೇಲೂ ಹನಿ ಕಟ್ಟಿತ್ತು. ಅಲ್ಲಿಗೆ ಪೊರೆ ಕಟ್ಟುವ ಸೀಲರ್‌ಗಳ ಆಸೆ ಬಿಟ್ಟೆವು.

ಉಳಿದದ್ದು ಲಿಥಿಯಂ ಸಿಲಿಕೇಟ್. ಅಂಗಡಿಯವರು ಡೆನ್ಸಿಫೈಯರ್ ಅನ್ನುತ್ತಾರೆ. ನೋಡಲು ನೀರಿನಷ್ಟೇ ತೆಳು, ಮೂಗು ಮುಚ್ಚಿಕೊಳ್ಳುವಂಥ ವಾಸನೆಯಿಲ್ಲ. ಸಿಮೆಂಟ್ ಗಟ್ಟಿಯಾಗುವಾಗ ಒಳಗೆ ಒಂದಷ್ಟು ಸುಣ್ಣ ಉಳಿದಿರುತ್ತದೆ. ಈ ದ್ರವ ಒಳಗಿಳಿದು ಆ ಸುಣ್ಣದ ಜೊತೆ ಸೇರಿ ಗಟ್ಟಿ ಪದಾರ್ಥವಾಗುತ್ತದೆ. ಸಿಮೆಂಟಿಗೆ ಬಲ ಕೊಡುವುದೂ ಇದೇ ಜಾತಿಯ ಪದಾರ್ಥ. ನೆಲದ ಸಣ್ಣ ಸಣ್ಣ ರಂಧ್ರಗಳು ಇನ್ನೂ ಕಿರಿದಾಗುತ್ತವೆ, ಮೇಲೆ ಪೊರೆ ಇರುವುದಿಲ್ಲ, ತೇವಕ್ಕೆ ದಾರಿ ಉಳಿಯುತ್ತದೆ. ನಮ್ಮ ಮನೆಗೆ ಬೇಕಾಗಿದ್ದೂ ಅದೇ.

ಫೆಬ್ರವರಿಯಲ್ಲಿ ಹಚ್ಚಿದೆವು. ನೆಲವನ್ನು ಸೋಪು ನೀರಲ್ಲಿ ಉಜ್ಜಿ ತೊಳೆದು ಚೆನ್ನಾಗಿ ಒಣಗಲು ಬಿಟ್ಟಿದ್ದೆವು. ಹಚ್ಚುವ ಕೆಲಸ ಸುಲಭ, ಆದರೆ ಗಡಿಬಿಡಿ ಮಾಡುವ ಹಾಗಿಲ್ಲ. ಹೊಸ ಕೈಪಂಪಿನಲ್ಲಿ ಸಣ್ಣಗೆ ಸಿಂಪಡಿಸುವುದು, ಮೈಕ್ರೋಫೈಬರ್ ಮಾಪ್‌ನಲ್ಲಿ ಹರಡುವುದು, ಹದಿನೈದು ಇಪ್ಪತ್ತು ನಿಮಿಷ ನೆಲ ಒದ್ದೆಯಾಗಿಯೇ ಇರುವಂತೆ ನೋಡಿಕೊಳ್ಳುವುದು. ಎಲ್ಲಿ ಬೇಗ ಹೀರುತ್ತದೋ ಅಲ್ಲಿಗೆ ಇನ್ನಷ್ಟು. ಎಲ್ಲಿ ಮಡುಗಟ್ಟಿ ನಿಲ್ಲುತ್ತದೋ ಅಲ್ಲಿಂದ ತಕ್ಷಣ ಎಳೆದು ತೆಗೆಯಬೇಕು. ನಿಂತಲ್ಲೇ ಒಣಗಿದರೆ ಬಿಳಿ ಹಕ್ಕಳೆ ಕಟ್ಟುತ್ತದೆ, ಅದನ್ನು ಕೀಳುವುದು ದೊಡ್ಡ ಕೆಲಸ. ಬಾಗಿಲ ಸಂದು, ಕಂಬದ ಬುಡ ಇಂಥ ಕಡೆ ಜಾಸ್ತಿ ಗಮನ ಬೇಕು. ಹೊಸ ನೆಲವಾದರೆ ಕ್ಯೂರಿಂಗ್‌ಗೆ 28 ದಿನ ಬಿಡಿ ಅನ್ನುವುದು ರೂಢಿ. ನಮ್ಮದು ಹಳೆಯದಾದ್ದರಿಂದ ಆ ಚಿಂತೆ ಇರಲಿಲ್ಲ.

ಜಗಲಿಯ ವಿಷಯದಲ್ಲಿ ನನಗೆ ನಿಜಕ್ಕೂ ಖುಷಿಯಾಗಿದೆ. ಧೂಳು ನಿಂತಿತು. ಒರೆಸಿದ ಬಟ್ಟೆ ಹಿಂಡಿದರೆ ನೀರು ಬೂದು ಬಣ್ಣಕ್ಕೆ ತಿರುಗುವುದಿಲ್ಲ. ಹೊಳಪು ಮೊದಲಿಗೆ ಏನೂ ಇರಲಿಲ್ಲ, ಆದರೆ ಜಗಲಿಯಿಂದ ಒಳಕೋಣೆಗೆ ನಾವು ದಿನಾ ಓಡಾಡುವ ದಾರಿಯುದ್ದಕ್ಕೂ ಈಗ ಮಂದ ಹೊಳಪು ಬಂದಿದೆ. ಏಪ್ರಿಲ್ ಸೆಕೆಯಲ್ಲಿ ಊಟವಾದ ಮೇಲೆ ಅಮ್ಮ ಚಾಪೆ ಸಹ ಹಾಸದೆ ಬರೀ ನೆಲದ ಮೇಲೆ ಮಲಗುತ್ತಾಳೆ. ನೆಲದ ತಂಪು ಹಾಗೇ ಇದೆ. "ಮೈಗೆ ಅಂಟೋದಿಲ್ಲ ನೋಡು, ನೆಲ ನೆಲದ ಹಾಗೇ ಇದೆ" ಅನ್ನುತ್ತಾಳೆ. ಮಳೆಯಲ್ಲಿ ಒದ್ದೆ ಕಾಲಲ್ಲಿ ಒಳಗೆ ಬಂದರೂ ಜಾರುವುದಿಲ್ಲ. ವಯಸ್ಸಾದವರಿರುವ ಮನೆಗೆ ಇದು ಸಣ್ಣ ಮಾತಲ್ಲ, ಅಲ್ವಾ?

ಅಡುಗೆಮನೆಯ ಕಥೆ ಬೇರೆ. "ಒಮ್ಮೆ ಹಚ್ಚಿಬಿಡಿ ಮೇಡಂ, ಯಾವ ಕಲೆಯೂ ಹಿಡಿಯಲ್ಲ" ಅಂತ ಹೇಳಿ ಅಂಗಡಿಯವರು ಕೊಟ್ಟಿದ್ದರು. ಆ ಮಾತು ಸುಳ್ಳು, ಅದರ ಬಗ್ಗೆ ನನಗೆ ಇವತ್ತಿಗೂ ಸಿಟ್ಟಿದೆ. ಮಾವಿನ ಮಿಡಿ ಉಪ್ಪಿನಕಾಯಿಯ ಭರಣಿಯಿಂದ ಸ್ವಲ್ಪ ರಸ ಜಿನುಗಿ ತಳದಲ್ಲಿ ನಿಂತಿತ್ತು. ಭರಣಿ ಎತ್ತಿದರೆ ನೆಲದ ಮೇಲೆ ಒಂದು ಬಿಳಿಚಿದ ಉಂಗುರ. ಬೆರಳಾಡಿಸಿದರೆ ಅಷ್ಟು ಜಾಗ ಮಾತ್ರ ತರಿತರಿ. ಇದು ಮೆತ್ತಿಕೊಂಡ ಕಲೆಯಲ್ಲ, ಹುಳಿ ತಿಂದ ಗುರುತು. ನಿಂಬೆ, ಹುಣಸೆ, ಹುಳಿ ಮಜ್ಜಿಗೆ ಎಲ್ಲದರಲ್ಲೂ ಆಮ್ಲ ಇದೆ, ಅದು ಸಿಮೆಂಟಿನ ಸುಣ್ಣವನ್ನು ಕರಗಿಸುತ್ತದೆ. ಈ ಸೀಲರ್ ನೆಲವನ್ನು ಗಟ್ಟಿ ಮಾಡುತ್ತದೆಯೇ ಹೊರತು ಹುಳಿಯನ್ನು ತಡೆಯುವುದಿಲ್ಲ. ಅಪ್ಪೆಹುಳಿ ಇಲ್ಲದೆ ಊಟವೇ ಆಗದ ಮನೆಗೆ ಇದನ್ನು ಮಾರುವ ಮೊದಲು ಒಂದು ಮಾತು ಹೇಳಬೇಕಿತ್ತು.

ಅಡಿಕೆ ಚೊಗರೂ, ಅಂದರೆ ಅಡಿಕೆ ಬೇಯಿಸಿದಾಗ ಬರುವ ಕಂದು ರಸವೂ, ಕಲೆ ಮಾಡದೆ ಬಿಟ್ಟಿಲ್ಲ. ಕೊಯ್ಲಿನ ದಿನಗಳಲ್ಲಿ ಹಿತ್ತಿಲ ಬಾಗಿಲ ಬಳಿ ಬಿದ್ದ ಹನಿಗಳು ಕಂದು ಚುಕ್ಕೆಯಾಗಿ ಉಳಿದಿವೆ. ಬಿದ್ದ ಕೂಡಲೇ ಒರೆಸಿದ್ದು ಹೋಗಿದೆ, ರಾತ್ರಿಯಿಡೀ ಬಿಟ್ಟದ್ದು ಹೋಗಿಲ್ಲ. ಸೀಲರ್ ಹಚ್ಚದ ಕೊಟ್ಟಿಗೆಯ ಪಕ್ಕದ ನೆಲದಲ್ಲಿ ಒರೆಸಿದರೂ ಹೋಗುತ್ತಿರಲಿಲ್ಲ. ಹಾಗಾಗಿ ಕೆಲಸವೇ ಮಾಡಿಲ್ಲ ಅನ್ನಲು ಮನಸ್ಸು ಬರುವುದಿಲ್ಲ. ಒರೆಸಲು ಒಂದಿಷ್ಟು ಸಮಯ ಕೊಡುತ್ತದೆ, ಅಷ್ಟು ಮಾತ್ರ.

ಈಗ ಭರಣಿಗಳೆಲ್ಲ ಮರದ ಹಲಗೆಯ ಮೇಲೆ ಹತ್ತಿವೆ. ಆ್ಯಸಿಡ್ ಹಾಕಿ ನೆಲ ತೊಳೆಯುವುದು ಪೂರ್ತಿ ಬಂದ್. ಇಷ್ಟು ಮಾಡಿದ ಮೇಲೆ ಹೊಸ ಗುರುತು ಬೀಳುವುದು ಕಡಿಮೆಯಾಗಿದೆ, ನನ್ನ ಸಿಟ್ಟೂ ಒಂಚೂರು ಇಳಿದಿದೆ.

ಕೊಳ್ಳುವವರಿಗೆ ಇನ್ನೊಂದು ಮಾತು. ನೆಲದ ಮೇಲೆ ನಾಲ್ಕು ಹನಿ ನೀರು ಹಾಕಿ ನೋಡಿ. ಹೀರಿಕೊಂಡು ಕಪ್ಪಾದರೆ ಈ ಸೀಲರ್ ಒಳಗಿಳಿಯುತ್ತದೆ. ಹನಿ ಹಾಗೇ ಗುಂಡಗೆ ನಿಂತರೆ ಡಬ್ಬ ಒಡೆಯಬೇಡಿ. ಕೊಬ್ಬರಿ ಎಣ್ಣೆ, ಮೇಣ ತಿಕ್ಕಿ ತಿಕ್ಕಿ ನಯ ಮಾಡಿದ ಹಳೆಯ ರೆಡ್ ಆಕ್ಸೈಡ್ ನೆಲದವರು ಇದನ್ನು ಮುಖ್ಯವಾಗಿ ಗಮನಿಸಬೇಕು. ಅಂಥ ನೆಲಕ್ಕೆ ಹಚ್ಚಿದರೆ ದುಡ್ಡು ದಂಡ.

ಬೇಸಿಗೆಗೆ ಮಹಡಿಯ ಕೋಣೆಗೂ ಇದನ್ನೇ ಹಚ್ಚುತ್ತೇವೆ. ಅಡುಗೆಮನೆಯಲ್ಲಿ ಒಲೆಯ ಎದುರು, ಭರಣಿ ಇಡುವ ಮೂಲೆ, ಈ ಎರಡು ಕಡೆ ಗ್ರಾನೈಟ್ ಹಾಕಿಸುವ ಮಾತಾಗಿದೆ. ಅಡಿಕೆ ಕೊಯ್ಲು ಮುಗಿಯುವವರೆಗೆ ಮೇಸ್ತ್ರಿ ಸಿಗುವುದಿಲ್ಲವಂತೆ.