ಡಿಯಾಬ್ಲೊ ಬೆಟ್ಟವೋ, ಹೆನ್ರಿ ಕೋ ಕಣಿವೆಯೋ?

ಫ್ರೀಮಾಂಟ್‌ನ ನಮ್ಮ ಮನೆಯಿಂದ ಎರಡಕ್ಕೂ ಕಾರಿನಲ್ಲಿ ಹೆಚ್ಚುಕಡಿಮೆ ಒಂದೇ ಹೊತ್ತು ಹಿಡಿಯುತ್ತದೆ. ಎರಡೂ ಕ್ಯಾಲಿಫೋರ್ನಿಯಾದ ರಾಜ್ಯ ಉದ್ಯಾನಗಳು. ಎರಡರಲ್ಲೂ ಓಕ್ ಮರಗಳ ಗುಡ್ಡಗಳು, ಬೇಸಿಗೆಯಲ್ಲಿ ಕಾದ ಹೆಂಚಿನಂಥ ಬಿಸಿಲು. ಹಾಗಾಗಿ ಏಪ್ರಿಲ್‌ನಲ್ಲಿಯೇ, ಎರಡು ವಾರಗಳ ಅಂತರದಲ್ಲಿ, ಎರಡೂ ಕಡೆ ಡೇರೆ ಹಾಕಿದೆವು. ಊರಿನಿಂದ ಬಂದಿದ್ದ ಅಪ್ಪನೂ ಜೊತೆಗಿದ್ದರು.

ಡಿಯಾಬ್ಲೊದ ಎತ್ತರ 3,849 ಅಡಿ. ನಂದಿಬೆಟ್ಟಕ್ಕಿಂತ ಸಾವಿರ ಅಡಿ ಗಿಡ್ಡ. ನೆತ್ತಿಯವರೆಗೂ ಡಾಂಬರು ರಸ್ತೆ ಇರುವುದನ್ನು ಕಂಡು ಅಪ್ಪ, "ಇದಕ್ಕೆ ಚಾರಣ ಎನ್ನುತ್ತೀಯಾ? ನಂದಿಗೇ ಹೋಗಬಹುದಿತ್ತಲ್ಲ" ಎಂದರು. ಮೇಲೆ ನಿಂತ ಮೇಲೆ ಸುಮ್ಮನಾದರು. ನಂದಿಯ ಬುಡವೇ ಎತ್ತರದ ಬಯಲು. ಇದರ ಬುಡವೋ ಸಮುದ್ರಮಟ್ಟಕ್ಕೆ ಹತ್ತಿರ. ಮಳೆ ತೊಳೆದ ಆ ಬೆಳಿಗ್ಗೆ ಪೂರ್ವದಲ್ಲಿ ಸಿಯೆರಾ ನೆವಾಡಾದ ಹಿಮ ಬೆಳ್ಳಗೆ ಕಾಣುತ್ತಿತ್ತು. ಶಿಖರವನ್ನು ಸುತ್ತುವ ಮೇರಿ ಬೊವರ್ಮನ್ ಹಾದಿ ಒಂದು ಮೈಲಿಯೂ ಇಲ್ಲ. ಮೊಣಕಾಲು ನೋವಿನ ಅಪ್ಪ ಅದನ್ನು ಪೂರ್ತಿ ನಡೆದರು. ಅದೇ ಬೆಟ್ಟದ ರಾಕ್ ಸಿಟಿ ಎಂಬ ಬಂಡೆಗಳ ತಾಣದಲ್ಲಿ ಮರಳುಗಲ್ಲಿನ ಪೊಟರೆಗಳಿಂದ ಮಗಳನ್ನು ಹೊರಗೆಳೆಯುವುದೇ ಕಷ್ಟವಾಯಿತು.

ಅಲ್ಲಿ ಸೂರ್ಯಾಸ್ತಕ್ಕೆ ಗೇಟು ಮುಚ್ಚುತ್ತಾರೆ. ಉಪ್ಪು ಮರೆತೆವೆಂದು ಪೇಟೆಗೆ ಓಡುವಂತಿಲ್ಲ. ರಾತ್ರಿ ಜುನಿಪರ್ ಶಿಬಿರದಿಂದ ಕೆಳಗಿನ ಊರುಗಳ ದೀಪಗಳು ಚೆಂದವೇ. ಆದರೆ ಅವುಗಳ ಬೆಳಕಿನಲ್ಲಿ ನಕ್ಷತ್ರಗಳು ಮಂಕು. ರಕೂನ್‌ಗಳ ಕಾಟ ಬೇರೆ: ಮೇಜಿನ ಮೇಲೆ ಬಿಟ್ಟಿದ್ದ ನಿಪ್ಪಟ್ಟಿನ ಡಬ್ಬಿ ಬೆಳಗಾಗುವಷ್ಟರಲ್ಲಿ ಖಾಲಿ.

ಹೆನ್ರಿ ಕೋ ಸುಮಾರು 87,000 ಎಕರೆಯ ಸೀಮೆ. ಸೇಡಾ ಕೋ ಎಂಬಾಕೆ ತಂದೆಯ ನೆನಪಿಗೆ 1953ರಲ್ಲಿ ಬಿಟ್ಟುಕೊಟ್ಟ ಜಾನುವಾರು ಸಾಕಣೆಯ ಜಮೀನಿನಿಂದ ಅದು ಬೆಳೆಯಿತು. ಮಾರ್ಗನ್ ಹಿಲ್‌ನಿಂದ ಮೇಲಕ್ಕೆ ಕಿರಿದಾದ, ತಿರುವು ಮುರುವಿನ ರಸ್ತೆ. ಮಗಳಿಗೆ ಎರಡು ಸಲ ವಾಂತಿಯಾಯಿತು. ಶಿಬಿರದಲ್ಲಿ ಗುಂಡಿ ಶೌಚಾಲಯ, ಸ್ನಾನದ ಮನೆ ಇಲ್ಲ. ಅಪ್ಪನಿಗೆ ಇದೊಂದು ಹಿಡಿಸಲಿಲ್ಲ.

ಆದರೆ ನಡಿಗೆ ಎಂದರೆ ಇಲ್ಲಿಯದೇ. ನಾನೂ ಗೆಳೆಯನೂ ಚೈನಾ ಹೋಲ್ ಎಂಬ ಹೊಳೆಯ ಮಡುವಿಗೆ ಹೋದೆವು. ಹೋಗಿಬರಲು ಸುಮಾರು 10 ಮೈಲಿ. ಶಿಬಿರ ಇರುವುದು ಗುಡ್ಡದ ಏಣಿನ ಮೇಲೆ, ನೀರು ಇರುವುದು ಕಣಿವೆಯಲ್ಲಿ. ಕುಮಾರ ಪರ್ವತದಲ್ಲಿ ಸುಸ್ತಾದರೆ ಅರ್ಧದಿಂದ ಇಳಿದುಬಿಡಬಹುದು. ಇಲ್ಲಿ ಲೆಕ್ಕ ತಿರುಗುಮುರುಗು: ತಣ್ಣನೆಯ ಬೆಳಿಗ್ಗೆ ಹಗುರಾಗಿ ಇಳಿಯುತ್ತೀರಿ, ನಡುಮಧ್ಯಾಹ್ನ ಸುಮಾರು 1,500 ಅಡಿ ಹತ್ತಬೇಕು. ನಾನು ಒಯ್ದಿದ್ದ ಮೂರು ಲೀಟರ್ ನೀರು ಅರ್ಧ ಏರಿಗೇ ಮುಗಿಯಿತು. ಗೆಳೆಯ ಹೊಳೆಯ ನೀರನ್ನು ಸೋಸಿ ತುಂಬಿಕೊಂಡಿದ್ದರಿಂದ ಬಚಾವಾದೆ. ದಾರಿಯ ಪಕ್ಕ ಹಂದಿಗಳು ಕೆದರಿದ ಮಣ್ಣು, ಗುಡ್ಡದ ತುಂಬ ಕಿತ್ತಳೆ ಬಣ್ಣದ ಗಸಗಸೆ ಹೂ; ಆ ಇಡೀ ನಡಿಗೆಯಲ್ಲಿ ಎದುರಾದವರು ಇಬ್ಬರೇ. ರಾತ್ರಿ ಅಪ್ಪ ಕುರ್ಚಿಯನ್ನು ಡೇರೆಯಿಂದ ದೂರಕ್ಕೆ ಎಳೆದು, ಶಾಲು ಹೊದ್ದು, ಚಳಿಯಲ್ಲಿ ಒಂದು ತಾಸು ಆಕಾಶ ನೋಡುತ್ತ ಕುಳಿತಿದ್ದರು.

ಊರಿನಿಂದ ನೆಂಟರು ಬಂದರೆ ಇನ್ನೂ ಡಿಯಾಬ್ಲೊಗೇ ಕರೆದೊಯ್ಯುತ್ತೇನೆ. ನನ್ನ ಮಟ್ಟಿಗೆ ಕೋ. ಶರತ್ಕಾಲದ ಮಾತು ಬೇರೆ: ಆಗ ಗಂಡು ಟ್ಯಾರಂಟುಲಾ ಜೇಡಗಳು ಹೆಣ್ಣನ್ನು ಅರಸಿ ಎರಡೂ ಕಡೆ ದಾರಿಗಿಳಿಯುತ್ತವೆ. ಇದನ್ನು ಕೇಳಿದ ಮಗಳು ಎರಡಕ್ಕೂ ಬರುವುದಿಲ್ಲವೆಂದು ಈಗಲೇ ಹೇಳಿಟ್ಟಿದ್ದಾಳೆ.