ಕಾರಿನ ಲಾಕ್ ತಾನಾಗಿ ಬೀಳುತ್ತಿದೆಯೆ? ಮೋಟರ್ ಬದಲಿಸಲು ಒಪ್ಪಬೇಡಿ

ಕಳೆದ ಜುಲೈಯ ಒಂದು ಭಾನುವಾರ. ಮುಂಬಯಿಯ ಮಾಟುಂಗದಲ್ಲಿ ತಿಂಡಿ ಮುಗಿಸಿ, ಅಮ್ಮನನ್ನು ಕಾರಿನಲ್ಲಿ ಕೂರಿಸಿಕೊಂಡು ಸಾಯನ್ ಕಡೆ ಹೊರಟಿದ್ದೆ. ಗಾಂಧಿ ಮಾರ್ಕೆಟ್ ಹತ್ತಿರ ನೀರು ನಿಂತಿತ್ತು. ಮಳೆಗಾಲದಲ್ಲಿ ಅಲ್ಲಿ ನಿಲ್ಲದಿದ್ದರೇ ಆಶ್ಚರ್ಯ. ಎಷ್ಟು ಆಳವಿದೆ ನೋಡೋಣವೆಂದು ಎಂಜಿನ್ ಆರಿಸದೆ ಇಳಿದು ಬಾಗಿಲು ಹಾಕಿದೆ. ಟಕ್. ನಾಲ್ಕೂ ಬಾಗಿಲು ಲಾಕ್. ಕೀಲಿ ಒಳಗೆ, ಎಪ್ಪತ್ತನಾಲ್ಕು ವರ್ಷದ ಅಮ್ಮ ಹಿಂದಿನ ಸೀಟಿನಲ್ಲಿ, ಇನ್ನೊಂದು ಕೀಲಿ ಡೊಂಬಿವಲಿಯ ಮನೆಯ ಮೊಳೆಯಲ್ಲಿ.

ಗಾಜಿನಾಚೆಯಿಂದ ಸನ್ನೆ ಮಾಡಿ, ಲಾಕಿನ ಗುಂಡಿ ಮೇಲೆತ್ತುವಂತೆ ಹೇಳಿದೆ. ಅಮ್ಮ ಎತ್ತಿದರು. ನಾನು ಹೊರಗಿನ ಹಿಡಿ ಎಳೆಯುವಷ್ಟರಲ್ಲಿ ಅದು ಮತ್ತೆ ಕೆಳಗೆ ಕೂತಿತು. ಇನ್ನೊಮ್ಮೆ ಎತ್ತಿದರು, ಇನ್ನೊಮ್ಮೆ ಟಕ್. ಒಳಗಿನ ಹಿಡಿಯಿಂದ ಪ್ರಯೋಜನವಿರಲಿಲ್ಲ. ನನ್ನ ಮಗನ ತುಂಟತನಕ್ಕೆ ಹೆದರಿ ಹಿಂದಿನ ಎರಡೂ ಬಾಗಿಲಿಗೆ ಮಕ್ಕಳ ಲಾಕ್ ಹಾಕಿಟ್ಟವನು ನಾನೇ. ನೀರು ನನ್ನ ಪಾದ ಮುಳುಗಿಸಿ ಮೇಲೇರುತ್ತಿತ್ತು. ಮುಂಬಯಿಯ ಹಳಬರಿಗೆ ಅಂಥ ಹೊತ್ತಿನಲ್ಲಿ ನೆನಪಾಗುವುದು 2005ರ ಜುಲೈ 26. ಸಾಂತಾಕ್ರೂಜಿನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ ಸುರಿದ ಆ ದಿನ, ಕಾರಿನ ಬಾಗಿಲು ತೆರೆಯಲಾಗದೆ ಒಳಗೇ ಉಸಿರು ಬಿಟ್ಟವರಿದ್ದಾರೆ.

ಪಕ್ಕದ ಟ್ಯಾಕ್ಸಿಯವನು "ಮೊದಲು ಎಂಜಿನ್ ಬಂದ್ ಮಾಡಿಸಿ" ಎಂದು ಕೂಗಿದ. ಅಮ್ಮ ಸೀಟುಗಳ ನಡುವೆ ಬಾಗಿ ಹೇಗೋ ಕೀಲಿ ತಿರುಗಿಸಿದರು. ಕಾರಿನ ನಡುಕ ನಿಂತಿತು, ಅದರೊಂದಿಗೆ ಆ ಟಕ್ ಟಕ್ ಕೂಡ. ಅವರು ಗುಂಡಿ ಎತ್ತಿದರು, ನಾನು ಎಳೆದೆ, ಬಾಗಿಲು ತೆರೆಯಿತು.

ಸಿಟ್ಟು ಬಂದದ್ದು ಆಮೇಲೆ. ಇದೇ ಲಾಕನ್ನು ಮೇ ತಿಂಗಳಲ್ಲಷ್ಟೇ 6,800 ರೂಪಾಯಿ ತೆತ್ತು ರಿಪೇರಿ ಮಾಡಿಸಿದ್ದೆ. ಕಾರು 2009ರದು, ಹದಿನೈದು ತುಂಬಿದ ಮೇಲೆ ಹಸಿರು ತೆರಿಗೆ ಕಟ್ಟಿ ಮರುನೋಂದಣಿ ಮಾಡಿಸಿದ್ದು. ಹಳೆಯ ಗಾಡಿ ಕಂಡರೆ ಕೆಲವು ಗ್ಯಾರೇಜಿನವರಿಗೆ ಹಬ್ಬ. ಆ ಗ್ಯಾರೇಜಿನವನು ಬಾಗಿಲು ಬಿಚ್ಚಿ ನೋಡುವ ಮೊದಲೇ "ನಾಲ್ಕೂ ಮೋಟರ್ ಹೋಗಿವೆ" ಎಂದಿದ್ದ. ಬಾಗಿಲಿನೊಳಗೆ ಕೂತು ಲಾಕ್ ಹಾಕಿ ತೆಗೆಯುವ ಪುಟ್ಟ ಮೋಟರ್‌ಗಳ ಮಾತದು. ನಾನೂ ತಲೆಯಾಡಿಸಿದ್ದೆ. ತೆಗೆದ ಮೋಟರ್‌ಗಳನ್ನು ಕೇಳಿ ಪಡೆಯುವ ಬುದ್ಧಿಯೂ ಬರಲಿಲ್ಲ.

ಮರುದಿನ ಸಾಯನ್‌ನಲ್ಲಿ ಕಲಬುರಗಿ ಕಡೆಯ ಆಟೊ ಎಲೆಕ್ಟ್ರಿಷಿಯನ್ ಒಬ್ಬರಿಗೆ ಕಥೆ ಹೇಳಿದೆ. "ಸಾಹೇಬರೆ, ಎಂಜಿನ್ ನಿಂತಾಗ ಲಾಕೂ ಸುಮ್ಮನಾಯಿತು ಅಂದರೆ ಮೋಟರಿನದು ತಪ್ಪಲ್ಲ. ಎಲ್ಲೋ ವೈರ್ ಅಲುಗಾಡಿ ತಾಗುತ್ತಿದೆ" ಎಂದರು. ಚಾಲಕನ ಬಾಗಿಲು ತೆರೆದು, ಬಿಜಾಗರಿಗಳ ನಡುವೆ ಬಾಗಿಲಿನಿಂದ ಕಾರಿನ ಚೌಕಟ್ಟಿನ ಕಂಬದೊಳಗೆ ಹೋಗುವ ಸುಕ್ಕುಸುಕ್ಕಾದ ರಬ್ಬರ್ ಕೊಳವೆಯನ್ನು ಹಿಂದಕ್ಕೆ ಸರಿಸಿದರು. ಒಳಗಿನ ವೈರುಗಳಲ್ಲಿ ಎರಡರ ಹೊದಿಕೆ ಒಂದೇ ಜಾಗದಲ್ಲಿ ಬಿರುಕು ಬಿಟ್ಟು ತಾಮ್ರ ಹಸಿರುಗಟ್ಟಿತ್ತು. ಬಾಗಿಲು ತೆರೆದು ಮುಚ್ಚಿದಾಗಲೆಲ್ಲ ವೈರ್ ಮಡಿಯುವುದು ಅಲ್ಲಿಯೇ.

ನಾಲ್ಕೂ ಬಾಗಿಲಿಗೆ ಒಟ್ಟಿಗೆ ಬೀಳುವ ಇಂಥ ಸೆಂಟ್ರಲ್ ಲಾಕ್‌ಗಳಲ್ಲಿ ಸಾಮಾನ್ಯವಾಗಿ ಬೇರೆ ಬಾಗಿಲುಗಳ ಮೋಟರಿಗೆ ಎರಡೇ ವೈರ್, ಚಾಲಕನ ಬಾಗಿಲಿನದಕ್ಕೆ ಐದು. ಎರಡು ಮೋಟರ್ ತಿರುಗಿಸಲು, ಉಳಿದ ಮೂರು "ಹಾಕು", "ತೆಗೆ" ಎಂಬ ಅಪ್ಪಣೆಯನ್ನು ಲಾಕುಗಳನ್ನು ನಡೆಸುವ ಪೆಟ್ಟಿಗೆಗೆ ಮುಟ್ಟಿಸಲು. ಅಪ್ಪಣೆಯ ವೈರ್ ಬರಿದಾಗಿ ಬೇರೆಡೆ ತಾಗಿದರೆ ಪೆಟ್ಟಿಗೆ ಅದನ್ನೂ ಅಪ್ಪಣೆಯೆಂದೇ ನಂಬಿ ನಾಲ್ಕೂ ಬಾಗಿಲು ಜಡಿಯುತ್ತದೆ. ಹೊಸ ಮೋಟರ್ ಹಾಕಿ ಏನು ಬಂತು?

ಅವರು ಕೆಟ್ಟ ಭಾಗ ಕತ್ತರಿಸಿ, ಹೊಸ ವೈರ್ ಬೆಸುಗೆ ಹಾಕಿ, ಬೆಸುಗೆಗಳು ಮಡಿಯುವ ಜಾಗದಲ್ಲಿ ಬರದಂತೆ ಒಳಗೆ ತಳ್ಳಿದರು. 700 ರೂಪಾಯಿ. ಬಾಗಿಲಿನ ಒಳಹೊದಿಕೆಯ ಹಿಂದೆ ಇರಬೇಕಾದ, ಗ್ಯಾರೇಜಿನವನು ಹರಿದು ಎಸೆದಿದ್ದ ಪ್ಲಾಸ್ಟಿಕ್ ಹಾಳೆಯ ಬದಲು ಬೇರೊಂದನ್ನೂ ಅಂಟಿಸಿದರು. ಅದಿಲ್ಲದಿದ್ದರೆ ಗಾಜಿನ ಸಂದಿಯಲ್ಲಿ ಇಳಿದ ಮಳೆನೀರು ಕಾರಿನೊಳಗೆ ಬರುತ್ತದೆ.

ನಿಮ್ಮ ಕಾರಿನಲ್ಲಿ ಒಂದೇ ಬಾಗಿಲು ಸೋಮಾರಿಯಾಗಿದ್ದರೆ ಆ ಬಾಗಿಲಿನ ಮೋಟರನ್ನೋ ಒಣಗಿದ ಚಿಲಕವನ್ನೋ ಸಂಶಯಿಸಿ. ಕೀಲಿಗೆ ಬಗ್ಗಿ ರಿಮೋಟಿಗೆ ಬಗ್ಗದಿದ್ದರೆ ರಿಮೋಟಿನ ಸೆಲ್ ನೋಡಿ. ನಾಲ್ಕೂ ಒಟ್ಟಿಗೆ ಹುಚ್ಚಾಟವಾಡಿದರೆ ಬಾಗಿಲು ತೆರೆದಿಟ್ಟು, ಕೀಲಿ ಜೇಬಿನಲ್ಲಿಟ್ಟು, ಆ ರಬ್ಬರ್ ಕೊಳವೆಯನ್ನು ಕೈಯಿಂದ ಅಲುಗಾಡಿಸಿ. ಲಾಕ್ ಟಕ್ಕೆಂದರೆ ಕಳ್ಳ ಅಲ್ಲೇ ಇದ್ದಾನೆ.

ಕೊನೆಯಲ್ಲಿ ಅವರು ಫ್ಯೂಸ್ ಪೆಟ್ಟಿಗೆ ತೆರೆದು ನನ್ನನ್ನು ಕರೆದರು. ಮುಚ್ಚಳದ ಮೇಲೆ ಲಾಕಿಗೆ 15 ಆಂಪಿಯರ್ ಎಂದಿತ್ತು, ಅಂದರೆ ನೀಲಿ ಫ್ಯೂಸ್. ಅಲ್ಲಿ ಕೂತಿದ್ದದ್ದು 30 ಆಂಪಿಯರಿನ ಹಸಿರು. ನೀಲಿ ಮತ್ತೆ ಮತ್ತೆ ಸುಡುತ್ತಿತ್ತೆಂದು ಗ್ಯಾರೇಜಿನವನು ಕಂಡುಕೊಂಡ ಉಪಾಯವಿರಬೇಕು. ಫ್ಯೂಸ್ ಸುಡದಿದ್ದರೆ ವೈರ್ ಸುಡುತ್ತದೆ. ಈ ವಾರವೇ ನಿಮ್ಮ ಫ್ಯೂಸ್ ಪೆಟ್ಟಿಗೆಯ ಮುಚ್ಚಳ ತೆಗೆದು ನೋಡಿ, ಬಣ್ಣ ತಾಳೆಯಾಗದಿದ್ದರೆ ಗಾಡಿ ಹೊರಡಿಸಬೇಡಿ.